ದಾಸ್ತಾನು ವಹಿಗೊಂದು ಬಹಿರಂಗ ಪತ್ರ

ಗೌರವಾನ್ವಿತ ದಾಸ್ತಾನು ವಹಿಯವರೇ,

ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಶಿಕ್ಷಕಿ. ಈ ಪತ್ರವನ್ನು ಮುಖ್ಯ ಶಿಕ್ಷಕರಿಗೆ ಬರೆಯಬಹುದಿತ್ತು, ಎಸ್‌ಡಿಎಂಸಿ ಅಧ್ಯಕ್ಷರಿಗೆ ಬರೆಯಬಹುದಿತ್ತು, ಬಿಇಒ ಸಾಹೇಬರಿಗೂ ಬರೆಯಬಹುದಿತ್ತು. ಆದರೆ ಶಾಲೆಯ ಕಥೆಪುಸ್ತಕಗಳ ವಿಷಯದಲ್ಲಿ ಕೊನೆಯ ಮಾತು ಇವರಾರದೂ ಅಲ್ಲ, ನಿಮ್ಮದು. ಇವರಿಗೆಲ್ಲ ವರ್ಗಾವಣೆಯೋ ನಿವೃತ್ತಿಯೋ ಅವಧಿಯ ಕೊನೆಯೋ ಇದೆ; ನೀವು ಮಾತ್ರ ಉಳಿಯುತ್ತೀರಿ. ಒಬ್ಬರು ಚಾರ್ಜ್ ಕೊಟ್ಟು ಇನ್ನೊಬ್ಬರು ಚಾರ್ಜ್ ತೆಗೆದುಕೊಳ್ಳುವ ದಿನ ಮೇಜಿನ ನಡುವೆ ಕೂರುವವರು ನೀವೇ. ಕ್ರಮಸಂಖ್ಯೆ, ತಾರೀಖು, ಪುಸ್ತಕದ ಹೆಸರು, ಬೆಲೆ, ಕೊನೆಗೆ ಷರಾ. ಒಂದೊಂದೇ ಹೆಸರು ಕೂಗಿ, ಒಂದೊಂದೇ ಪುಸ್ತಕ ಎತ್ತಿ ತೋರಿಸಿ ತಾಳೆ ಹಾಕುತ್ತಾರೆ. ಎರಡು ಕಡಿಮೆ ಬಿದ್ದರೆ ಹೋಗುವವರ ಮುಖ ಬಾಡುತ್ತದೆ. ಕೈಯಿಂದ ದುಡ್ಡು ಕಟ್ಟಿ, ಸಹಿ ಹಾಕಿ ಹೊರಡುತ್ತಾರೆ. ಹೊಸದಾಗಿ ಬಂದವರು ಅದನ್ನು ಕಣ್ಣಾರೆ ಕಂಡಿರುತ್ತಾರೆ. ಅಂದಿನಿಂದ ಬೀರುವಿನ ಬೀಗದ ಕೈ ಅವರ ಪರ್ಸಿನೊಳಗೆ.

ಅವರನ್ನು ನಾನು ದೂರುವುದಿಲ್ಲ. ನಲವತ್ತು ರೂಪಾಯಿಯ ಪುಸ್ತಕ ಕಳೆದರೆ ನಲವತ್ತು ರೂಪಾಯಿ ಹೋಯಿತೆಂದು ಯಾರೂ ಹೆದರುವುದಿಲ್ಲ. 'ಲೆಕ್ಕ ತಪ್ಪಿದ ಮೇಷ್ಟ್ರು' ಅನ್ನಿಸಿಕೊಳ್ಳುವುದಕ್ಕೆ ಹೆದರುತ್ತಾರೆ. ಆ ಭಯಕ್ಕೆ ನಾವು ಎಷ್ಟು ಬೆಲೆ ತೆರುತ್ತಿದ್ದೇವೆ ಎಂಬುದು ಮಾತ್ರ ನಿಮ್ಮ ಯಾವ ಕಾಲಂನಲ್ಲೂ ದಾಖಲಾಗುವುದಿಲ್ಲ. ಬೀರುವಿನಲ್ಲಿಟ್ಟ ಪುಸ್ತಕಗಳ ಸಂಖ್ಯೆ ವರ್ಷ ವರ್ಷವೂ ಸರಿಯಾಗಿಯೇ ಇರುತ್ತದೆ. ಮಳೆಗಾಲದ ಥಂಡಿಗೆ ಪುಟಕ್ಕೆ ಪುಟ ಅಂಟಿಕೊಂಡಿದ್ದರೂ, ಗೋಡೆಯಿಂದ ಬಂದ ಗೆದ್ದಲು ಕೆಳಗಿನ ಸಾಲನ್ನು ಒಳಗಿಂದೊಳಗೇ ತಿಂದು ರಟ್ಟು ಮಾತ್ರ ಉಳಿದಿದ್ದರೂ, ಎಣಿಸುವಾಗ ಅದೂ ಒಂದು ಪುಸ್ತಕವೇ.

ಹಣ ಸಾಲದು ಎಂಬ ಮಾತು ನಮ್ಮ ಶಿಕ್ಷಕರ ಕೋಣೆಯಲ್ಲಿ ಸದಾ ಕೇಳಿಬರುತ್ತದೆ. ಸಾಲದು ನಿಜ. ಶಿಕ್ಷಣ ಹಕ್ಕು ಕಾಯ್ದೆ, 2009ರ ಅನುಸೂಚಿಯಲ್ಲಿ ಪ್ರತಿ ಶಾಲೆಗೂ ಗ್ರಂಥಾಲಯ ಇರಬೇಕು, ಅಲ್ಲಿ ದಿನಪತ್ರಿಕೆ, ನಿಯತಕಾಲಿಕೆ, ಕಥೆಪುಸ್ತಕಗಳು ಇರಬೇಕು ಎಂದು ಸ್ಪಷ್ಟವಾಗಿ ಬರೆದಿದೆ. 2018ರಲ್ಲಿ ಶುರುವಾದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಯ ಹಂತಕ್ಕೆ ತಕ್ಕಂತೆ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಗ್ರಂಥಾಲಯ ಅನುದಾನಕ್ಕೆ ಅವಕಾಶವಿದೆ. ಕಿರಿಯ ಪ್ರಾಥಮಿಕ ಶಾಲೆಗೆ 5,000. ಐದು ತರಗತಿಗೆ ಹಂಚಿದರೆ ತಲಾ ಒಂದು ಸಾವಿರ. ಆ ಸಾವಿರ ರೂಪಾಯಿಯಲ್ಲೂ ಒಂದು ತರಗತಿಗೆ ಓದುವ ಮೂಲೆಯೊಂದನ್ನು ಕಟ್ಟಿ, ವರ್ಷವಿಡೀ ನಡೆಸಬಹುದೆಂದು ನಾನು ಪೂರ್ತಿ ನಂಬಿಕೆಯಿಂದ ಹೇಳುತ್ತೇನೆ. ನೀವು ಸಮ್ಮತಿಸಿದರೆ.

ಮೊದಲು ನಿಮ್ಮದೇ ಪುಟಗಳ ಮಾತು. ಸೀಮೆಸುಣ್ಣದ ಪೆಟ್ಟಿಗೆ ಬಂದಾಗ ನೀವು ಅದನ್ನು ಬರೆದುಕೊಳ್ಳುತ್ತೀರಿ. ವರ್ಷದ ಕೊನೆಗೆ ಸೀಮೆಸುಣ್ಣ ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ಅದು ಬೋರ್ಡಿನ ಮೇಲೆ ಸವೆದಿದೆ, ಅದಕ್ಕೆಂದೇ ತಂದದ್ದು. ಹದಿನಾರು ಪುಟದ, ಮಧ್ಯೆ ಎರಡು ಪಿನ್ನು ಹೊಡೆದ ಚಿತ್ರಪುಸ್ತಕವೂ ಹಾಗೆಯೇ ಸವೆಯಬೇಕಾದ ವಸ್ತು. ಅದನ್ನು ಕಬ್ಬಿಣದ ಮೇಜು, ಗೋದ್ರೆಜ್ ಬೀರುವಿನ ಸಾಲಿಗೆ ಸೇರಿಸಿ ಕೂರಿಸಿದ್ದೇ ನಮ್ಮ ಕಷ್ಟಕ್ಕೆಲ್ಲ ಮೂಲ.

ಇದು ನನ್ನೊಬ್ಬಳ ಉತ್ಸಾಹದ ಮಾತಲ್ಲ. ನಮ್ಮ ದೇಶದಲ್ಲಿ ಗ್ರಂಥಾಲಯ ಶಾಸ್ತ್ರಕ್ಕೆ ತಳಪಾಯ ಹಾಕಿದ ಎಸ್.ಆರ್. ರಂಗನಾಥನ್ 1931ರಲ್ಲಿ ಐದು ಸೂತ್ರಗಳನ್ನು ಕೊಟ್ಟರು. ಪುಸ್ತಕ ಇರುವುದು ಬಳಸುವುದಕ್ಕೆ ಎಂಬುದೇ ಮೊದಲನೆಯದು. ಯುರೋಪಿನಲ್ಲಿ ಒಂದು ಕಾಲಕ್ಕೆ ಪುಸ್ತಕಗಳನ್ನು ಸರಪಳಿಯಿಂದ ಕಪಾಟಿಗೆ ಬಿಗಿಯುತ್ತಿದ್ದುದನ್ನು ಅವರು ಆ ಸೂತ್ರದ ಚರ್ಚೆಯಲ್ಲೇ ತರುತ್ತಾರೆ. ಅವರೇನು ದೂರದವರಲ್ಲ. 1962ರಲ್ಲಿ ಬೆಂಗಳೂರಿನಲ್ಲೇ ಡಿಆರ್‌ಟಿಸಿ ಎಂಬ ಸಂಶೋಧನಾ ಕೇಂದ್ರ ಕಟ್ಟಿದರು, 1972ರಲ್ಲಿ ಅಲ್ಲೇ ತೀರಿಕೊಂಡರು. ಸರಪಳಿ ಬಿಚ್ಚಬೇಕೆಂದು ಬಾಳಿಡೀ ಹೇಳಿದವರು ಕೊನೆಗಾಲ ಕಳೆದ ನಾಡಿನಲ್ಲಿ ನಾವು ಸರಪಳಿಯ ಬದಲು ಬೀಗ ಹಾಕಿಕೊಂಡು ಕೂತಿದ್ದೇವೆ.

ಸೂತ್ರ ಬೇಡ, ನಿಯಮ ಬೇಕು ಎಂದರೆ ಅದೂ ಇದೆ. ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು, 2017ರ 215ನೇ ನಿಯಮ ಗ್ರಂಥಾಲಯಗಳ ದಾಸ್ತಾನು ತಪಾಸಣೆಗೆ ಸಂಬಂಧಿಸಿದ್ದು. ವರ್ಷದಲ್ಲಿ ಓದಲು ಕೊಟ್ಟ ಪ್ರತಿ ಸಾವಿರ ಪುಸ್ತಕಕ್ಕೆ ಐದು ಕಳೆದರೆ ಅದು ಸಹಜ ನಷ್ಟ; ಅಪ್ರಾಮಾಣಿಕತೆಯಿಂದಲೋ ನಿರ್ಲಕ್ಷ್ಯದಿಂದಲೋ ಆದದ್ದಾಗಿರಬಾರದು, ಅಷ್ಟೇ. ಸಾವಿರ ರೂಪಾಯಿಗಿಂತ ಹೆಚ್ಚು ಬೆಲೆಯ ಪುಸ್ತಕ, ಅಪರೂಪದ ಪುಸ್ತಕ ಕಳೆದರೆ ಮಾತ್ರ ವಿಚಾರಣೆ ಆಗಲೇಬೇಕು. ಈ ನಿಯಮ ಇರುವುದು ಕೇಂದ್ರದ ಕಚೇರಿಗಳಿಗೆ, ನಮ್ಮ ಶಾಲೆಗಳ ಲೆಕ್ಕ ರಾಜ್ಯಕ್ಕೆ ಸೇರಿದ್ದು ಎಂಬುದು ಗೊತ್ತು. ಆದರೂ ಅದರ ಒಳಗಿನ ವಿವೇಕವನ್ನು ನೋಡಿ. ಮೂವತ್ತು ಮಕ್ಕಳ ತರಗತಿ, ವಾರಕ್ಕೊಂದು ಪುಸ್ತಕ, ವರ್ಷಕ್ಕೆ ಮೂವತ್ತೈದು ವಾರ ಎಂದರೆ 1,050 ಸಲ ಪುಸ್ತಕ ಕೈ ಬದಲಾಯಿಸುತ್ತದೆ. ಆ ಲೆಕ್ಕಕ್ಕೆ ಐದು ಪುಸ್ತಕ ಹೋಗಬಹುದು. ತಲಾ 50 ರೂಪಾಯಿ ಹಿಡಿದರೆ 250 ರೂಪಾಯಿ. ಎಷ್ಟು ಹೆಚ್ಚು ಓದಿಸಿದರೆ ಅಷ್ಟು ಹೆಚ್ಚು ನಷ್ಟಕ್ಕೆ ಆ ನಿಯಮ ಒಪ್ಪುತ್ತದೆ. ಒಂದೂ ಪುಸ್ತಕ ಕೊಡದ ಬೀರುವಿಗೆ ಅದರಲ್ಲಿ ಯಾವ ರಿಯಾಯಿತಿಯೂ ಇಲ್ಲ.

ಇನ್ನು ಕೊಳ್ಳುವ ವಿಚಾರ. ಅನುದಾನ ಬಹಳ ಸಲ ಫೆಬ್ರುವರಿ, ಮಾರ್ಚಿನಲ್ಲಿ ಕೈಗೆ ಬರುತ್ತದೆ. ಮಾರ್ಚ್ 31ರೊಳಗೆ ಖರ್ಚು ಮಾಡಿ ಬಳಕೆ ಪ್ರಮಾಣಪತ್ರ ಕಳಿಸಬೇಕು. ಆ ಅವಸರದಲ್ಲಿ ಯಾರೋ ಒಂದು ಸೆಟ್ ತಂದಿಡುತ್ತಾರೆ. ದಪ್ಪ ರಟ್ಟು, ದೊಡ್ಡ ಅಕ್ಷರ, ಒಂದೇ ಅಳತೆ, ಇಪ್ಪತ್ತು ಹೆಸರಿನಲ್ಲಿ ಅವೇ ನೀತಿಕಥೆಗಳು. ಬಿಲ್ಲು ಸರಿಯಾಗಿರುತ್ತದೆ, ಸಂಖ್ಯೆಯೂ ಸರಿಯಾಗಿರುತ್ತದೆ. ಮಕ್ಕಳು ಒಮ್ಮೆ ತೆರೆದು ಮುಚ್ಚಿಟ್ಟುಬಿಡುತ್ತಾರೆ. ಸೆಟ್ ಕೊಳ್ಳಬೇಡಿ ಎಂದು ಯಾವ ನಿಯಮವೂ ಹೇಳದಿದ್ದರೂ ನಾನು ಹೇಳುತ್ತೇನೆ. ಮುಂಚೆಯೇ ಪಟ್ಟಿ ಮಾಡಿಟ್ಟುಕೊಂಡರೆ ಮಾರ್ಚಿನ ಅವಸರ ಏನೂ ಮಾಡಲಾರದು. ಸಾಧ್ಯವಿದ್ದರೆ ನವೆಂಬರಿನಲ್ಲಿ ರಾಜ್ಯೋತ್ಸವದ ರಿಯಾಯಿತಿ ಇರುವಾಗ ಶಾಲೆಯ ಇತರೆ ನಿಧಿಯಿಂದಲೋ ದಾನಿಗಳಿಂದಲೋ ಹಣ ಹೊಂದಿಸಿಕೊಂಡು ಪುಸ್ತಕದ ಅಂಗಡಿಗೆ ಹೋಗಬೇಕು. ಹೋಗುವಾಗ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಹೋಗಬೇಕು. ನಾವು ಮುಖಪುಟ ನೋಡಿ, ಬೆನ್ನುಡಿ ಓದಿ ಆರಿಸುತ್ತೇವೆ. ಅವರು ಮಧ್ಯದ ಪುಟ ತೆರೆದು ಚಿತ್ರ ನೋಡುತ್ತಾರೆ, ಎರಡು ಸಾಲು ಬಾಯಲ್ಲೇ ಓದಿಕೊಳ್ಳುತ್ತಾರೆ, ಬೇಡವಾದದ್ದನ್ನು ಮುಲಾಜಿಲ್ಲದೆ ವಾಪಸಿಡುತ್ತಾರೆ. ಅವರು ಆರಿಸಿದ್ದು ಬೀರುವಿನಲ್ಲಿ ಉಳಿಯುವುದಿಲ್ಲ.

ಹಣ ಕಡಿಮೆ ಇದ್ದಷ್ಟೂ ತೆಳುವಾದ ಪುಸ್ತಕಗಳನ್ನೇ ಕೊಳ್ಳಬೇಕು. ನಾನೂರು ರೂಪಾಯಿಯ ದಪ್ಪ ಸಂಕಲನದಲ್ಲಿ ನೂರು ಕಥೆ ಇದ್ದರೂ ಒಂದು ಹೊತ್ತಿಗೆ ಅದು ಒಂದೇ ಮಗುವಿನ ಕೈಯಲ್ಲಿರುತ್ತದೆ. ಅದೇ ದುಡ್ಡಿಗೆ ಐವತ್ತು ರೂಪಾಯಿಯ ಎಂಟು ಪುಸ್ತಕ ಬಂದರೆ ಎಂಟು ಮಕ್ಕಳು ಓದುತ್ತಾರೆ. ಅನುಪಮಾ ನಿರಂಜನ ಅವರ 'ದಿನಕ್ಕೊಂದು ಕಥೆ' ತಿಂಗಳಿಗೊಂದರಂತೆ ಹನ್ನೆರಡು ಸಂಪುಟವಾಗಿ ಬಂದದ್ದು ಈ ದೃಷ್ಟಿಯಿಂದ ಎಷ್ಟು ಒಳ್ಳೆಯದಾಯಿತು! ಹನ್ನೆರಡು ಮಕ್ಕಳು ಒಟ್ಟಿಗೆ ಮನೆಗೆ ಒಯ್ಯಬಹುದು. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯದ ಕನ್ನಡ ಪುಸ್ತಕಗಳು, ಬೆಂಗಳೂರಿನ ಪ್ರಥಮ್ ಬುಕ್ಸ್‌ನವು, ನವಕರ್ನಾಟಕದವು ನಮ್ಮಂಥ ಕೈಚೀಲಕ್ಕೂ ನಿಲುಕುತ್ತವೆ. ಏಳನೇ ತರಗತಿಯವರಿಗೆ ಬೊಳುವಾರು ಅವರ 'ಪಾಪು ಗಾಂಧಿ, ಗಾಂಧಿ ಬಾಪು ಆದ ಕತೆ' ಮತ್ತು ತೇಜಸ್ವಿಯವರ 'ಪರಿಸರದ ಕತೆ' ಇದ್ದೇ ಇರಲಿ. ಎಲ್ಲರೂ ಕಿತ್ತಾಡುವ ಒಂದೆರಡು ಪುಸ್ತಕಕ್ಕೆ ಎರಡೆರಡು ಪ್ರತಿ ಇರಲಿ. ಗೆಳತಿಯರಿಬ್ಬರು ಅಕ್ಕಪಕ್ಕ ಕೂತು ಒಂದೇ ಕಥೆಯನ್ನು ಒಟ್ಟಿಗೆ ಓದುವ ಖುಷಿಗೆ ಅಷ್ಟು ಖರ್ಚು ಮಾಡಬಹುದು.

ಐದನೇ ತರಗತಿಯಲ್ಲಿ ಕೂತವರೆಲ್ಲ ಐದನೇ ತರಗತಿಯ ಪುಸ್ತಕ ಓದಬಲ್ಲವರಲ್ಲ ಎಂಬುದು ನಮಗೆಲ್ಲ ಗೊತ್ತು. ಒತ್ತಕ್ಷರ ಬಂದ ಕಡೆ ನಿಂತುಬಿಡುವ ಮಕ್ಕಳು ಇರುತ್ತಾರೆ. ಅವರಿಗಾಗಿ ಪುಟಕ್ಕೊಂದೇ ಸಾಲಿರುವ ಚಿತ್ರಪುಸ್ತಕಗಳು ಅದೇ ಮೂಲೆಯಲ್ಲಿ, ಬೇರೆ ಡಬ್ಬಿಗೆ ಹಾಕದೆ, 'ದಡ್ಡರದ್ದು' ಎಂಬ ಮೊಹರು ಬೀಳದ ಹಾಗೆ ಇರಬೇಕು. ನನ್ನ ತರಗತಿಯ ಹುಡುಗನೊಬ್ಬ ಪ್ರತಿ ಶನಿವಾರ ಅಂಥದ್ದೇ ತೆಳುಪುಸ್ತಕ ಎತ್ತಿಕೊಂಡು, 'ತಮ್ಮನಿಗೆ ಓದಿ ಹೇಳೋಕೆ ಮಿಸ್' ಎನ್ನುತ್ತಿದ್ದ. ತಮ್ಮನಿಗೆ ನಿಜವಾಗಿಯೂ ಓದಿ ಹೇಳುತ್ತಿದ್ದ. ಹೇಳುವ ಮುಂಚೆ ತಾನೂ ಕಲಿಯುತ್ತಿದ್ದ. ಪುಸ್ತಕ ಮನೆಗೆ ಹೋಗದಿದ್ದರೆ ಈ ಮಾನ ಉಳಿಸಿಕೊಳ್ಳುವ ದಾರಿ ಅವನಿಗೆಲ್ಲಿತ್ತು? ತರಗತಿಯಲ್ಲಿ ಎಲ್ಲರೆದುರು ಒಂದನೆಯವರ ಪುಸ್ತಕ ಹಿಡಿದು ಕೂರಲು ಯಾವ ಹತ್ತು ವರ್ಷದ ಹುಡುಗ ಒಪ್ಪುತ್ತಾನೆ?

ಕೊಳ್ಳದೆಯೂ ಪುಸ್ತಕ ಬರುತ್ತದೆ. ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಕಥೆಗಳು ಉಚಿತವಾಗಿ ಸಿಗುತ್ತವೆ, ಇಳಿಸಿಕೊಂಡು ಅಚ್ಚು ಹಾಕಲು ಪರವಾನಗಿಯೂ ಇದೆ. ಎ4 ಹಾಳೆಯನ್ನು ಮಡಚಿದರೆ ಎರಡೂ ಬದಿ ಸೇರಿ ನಾಲ್ಕು ಪುಟ. ಹದಿನಾರು ಪುಟದ ಕಥೆಗೆ ನಾಲ್ಕೇ ಹಾಳೆ. ಬದಿಗೆ ಎರಡು ರೂಪಾಯಿಯಂತೆ ಜೆರಾಕ್ಸ್ ಮಾಡಿಸಿದರೆ ಹದಿನಾರು ರೂಪಾಯಿಗೆ ಪುಸ್ತಕ ಸಿದ್ಧ. ಕಪ್ಪುಬಿಳುಪು ಚಿತ್ರಗಳಿಗೆ ಮಕ್ಕಳೇ ಬಣ್ಣ ತುಂಬುತ್ತಾರೆ. ಭಾನುವಾರದ ಪುರವಣಿಯ ಮಕ್ಕಳ ಪುಟವನ್ನು ಕತ್ತರಿಸಿ, ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದಕ್ಕೆ ಅಂಟಿಸಿದರೆ ಓದುವ ಕಾರ್ಡು. ತಾಂಡಾದಿಂದ ಬರುವ ಮಗು ಅಜ್ಜಿ ಹೇಳಿದ ಲಂಬಾಣಿ ಕಥೆಯನ್ನು ಕನ್ನಡ ಅಕ್ಷರದಲ್ಲಿ ಬರೆದು, ಪಕ್ಕದಲ್ಲೇ ಕನ್ನಡದಲ್ಲೂ ಬರೆದರೆ ಯಾವ ಅಂಗಡಿಯಲ್ಲೂ ಸಿಗದ ಪುಸ್ತಕವೊಂದು ತರಗತಿಗೆ ಬಂದ ಹಾಗಾಯಿತು. ಇವಕ್ಕೂ ನಿಮ್ಮಲ್ಲಿ ಒಂದು ಕ್ರಮಸಂಖ್ಯೆ ಕೊಡಿ. ಬೆಲೆಯ ಕಾಲಂ ಖಾಲಿ ಇದ್ದರೂ ಪರವಾಗಿಲ್ಲ.

ದಾನವಾಗಿ ಬರುವ ಪುಸ್ತಕಗಳ ಬಗ್ಗೆ ಒಂದೇ ಮಾತು. ಹಳೆಯ ಗೈಡು, ಯಾವುದೋ ಸ್ಮರಣ ಸಂಚಿಕೆ, ಅಭಿನಂದನ ಗ್ರಂಥ ಇವುಗಳನ್ನು ಕೈಮುಗಿದು ವಾಪಸು ಕಳಿಸುವ ಧೈರ್ಯ ನಮಗಿರಬೇಕು.

ಈ ಮೇಲಿನದೆಲ್ಲ ಹೊಸ ವಿದ್ಯೆಯೇನಲ್ಲ. ಗುಜರಾತಿನ ಗಿಜುಭಾಯಿ ಬಧೇಕಾ 1930ರ ದಶಕದಲ್ಲಿ ಬರೆದ, ಕನ್ನಡದಲ್ಲಿ 'ಹಗಲುಗನಸು' ಎಂದು ಬಂದಿರುವ ಪುಸ್ತಕದ ಮೇಷ್ಟ್ರಿಗೂ ಇದೇ ಸಂಕಟ. ನಾಲ್ಕನೇ ತರಗತಿಗೆ ಗ್ರಂಥಾಲಯ ಬೇಕು, ದುಡ್ಡಿಲ್ಲ. ಪಠ್ಯಪುಸ್ತಕಕ್ಕೆಂದು ಮಕ್ಕಳು ತರುವ ಹಣದಲ್ಲೇ ಕಥೆಪುಸ್ತಕ ತಂದು ಎಲ್ಲರಿಗೂ ಹಂಚಿಕೊಂಡು ಓದಿಸುವ ಉಪಾಯ ಹೂಡುತ್ತಾನೆ. ಇಂದು ಪಠ್ಯಪುಸ್ತಕ ಉಚಿತ, ಆ ಉಪಾಯ ನಮಗೆ ಬೇಕಿಲ್ಲ. ಆದರೆ ಒಬ್ಬೊಬ್ಬರ ಹತ್ತಿರ ಒಂದೊಂದು ಪ್ರತಿ ಇರುವುದಕ್ಕಿಂತ ಎಲ್ಲರ ನಡುವೆ ಬೇರೆಬೇರೆ ಪುಸ್ತಕ ಓಡಾಡುವುದು ಲಾಭ ಎಂಬ ಅವನ ಲೆಕ್ಕ ಇವತ್ತಿಗೂ ಸರಿ. 'ತೊತ್ತೋಚಾನ್' ಓದಿದ ಶಿಕ್ಷಕರಿಗೆ ಟೋಕಿಯೊದ ಆ ರೈಲುಡಬ್ಬಿಯ ಗ್ರಂಥಾಲಯ ನೆನಪಿರುತ್ತದೆ. ಅಲ್ಲಿನ ಹೆಡ್‌ಮಾಸ್ತರು ಕೊಬಾಯಾಶಿ ಯಾವ ತರಗತಿಯವರು ಯಾವ ಪುಸ್ತಕ ಬೇಕಾದರೂ ಓದಬಹುದು, ಮನೆಗೂ ಒಯ್ಯಬಹುದು, ಮರಳಿ ತಂದರಾಯಿತು ಎಂದು ಬಿಟ್ಟಿದ್ದರು. ಯುದ್ಧದ ಕಾಲದ ಶಾಲೆ ಅದು, ಕೊನೆಗೆ 1945ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು. ಅಲ್ಲಿ ಓದಿದ ಮಕ್ಕಳಲ್ಲಿ ಒಬ್ಬಳು ದೊಡ್ಡವಳಾಗಿ ಬರೆದದ್ದರಿಂದಲೇ ಅದರ ಸಂಗತಿ ನಮ್ಮವರೆಗೆ ಬಂದಿದೆ.

ಪುಸ್ತಕ ತಂದರೆ ಸಾಲದು, ಕಾಣುವ ಹಾಗಿಡಬೇಕು. ಪಿನ್ನು ಹೊಡೆದ ತೆಳುಪುಸ್ತಕಕ್ಕೆ ಬೆನ್ನೇ ಇರುವುದಿಲ್ಲ. ನೇರ ಜೋಡಿಸಿಟ್ಟರೆ ಹೆಸರೂ ಕಾಣದು, ಚಿತ್ರವೂ ಕಾಣದು. ನಲಿ-ಕಲಿ ಕೋಣೆಗಳಲ್ಲಿ ಮಕ್ಕಳ ಕೆಲಸ ತೂಗುಹಾಕಲು ಚಪ್ಪರದ ದಾರ ಕಟ್ಟುತ್ತೇವಲ್ಲ, ಅಂಥದ್ದೇ ನೈಲಾನ್ ದಾರವನ್ನು ಮಗುವಿನ ಕೈಗೆಟಕುವ ಎತ್ತರದಲ್ಲಿ ಗೋಡೆಯಿಂದ ಗೋಡೆಗೆ ಎಳೆದು, ಪುಸ್ತಕಗಳನ್ನು ನಡುಪುಟಕ್ಕೆ ನೇತುಹಾಕಿದರೆ ಮುಖಪುಟಗಳೆಲ್ಲ ಮಗುವಿನ ಕಡೆ ತಿರುಗಿರುತ್ತವೆ. ಖರ್ಚು ದಾರದ್ದು ಮತ್ತು ನಾಲ್ಕು ಮೊಳೆಯದ್ದು. ದಯವಿಟ್ಟು ಕಂದು ಕಾಗದದ ಹೊದಿಕೆ ಹಾಕಬೇಡಿ. ಎಲ್ಲ ಪುಸ್ತಕವೂ ಒಂದೇ ಆಗಿಬಿಟ್ಟರೆ ಮಗು ಯಾವುದನ್ನು ಆರಿಸಬೇಕು?

ಹರಿದ ಪುಸ್ತಕದ ಉಪಚಾರಕ್ಕೆ ಶನಿವಾರದ ಕೊನೆಯ ಅವಧಿ ಸಾಕು. ಸೆಲೋ ಟೇಪು ಬೇಡ. ವರ್ಷ ತುಂಬುವುದರೊಳಗೆ ಹಳದಿಯಾಗಿ, ಅಂಟು ಒಸರಿ, ಪಕ್ಕದ ಪುಟವನ್ನೂ ಹಿಡಿದುಕೊಳ್ಳುತ್ತದೆ. ಮೈದಾ ಕುದಿಸಿದ ಅಂಟು, ತೆಳ್ಳಗಿನ ಕಾಗದದ ಪಟ್ಟಿ ಒಳ್ಳೆಯದು. ಮಳೆಗಾಲಕ್ಕೆ ಪಿನ್ನು ತುಕ್ಕು ಹಿಡಿದು ನಡುಪುಟ ಕಿತ್ತು ಬಂದರೆ ಪಿನ್ನು ತೆಗೆದು, ದಬ್ಬಳದಿಂದ ಮೂರು ತೂತು ಮಾಡಿ, ನೂಲಿನ ದಾರದಲ್ಲಿ ಹೊಲಿಯಬೇಕು. ದಬ್ಬಳ ದೊಡ್ಡವರ ಕೈಯಲ್ಲಿರಲಿ, ಹೊಲಿಗೆಯನ್ನು ಆರನೇ ತರಗತಿಯ ಮಕ್ಕಳು ಚೆನ್ನಾಗಿ ಹಾಕುತ್ತಾರೆ. ತಾವೇ ಹೊಲಿದ ಪುಸ್ತಕವನ್ನು ಅವರು ಹರಿಯಗೊಡುವುದಿಲ್ಲ.

ಆದರೂ ಕೆಲವು ಪುಸ್ತಕಗಳಿಗೆ ಇನ್ನು ಹೊಲಿಗೆ ತಾಳದು. ಅಂಥದ್ದೊಂದು ಈಗ ನನ್ನ ಮೇಜಿನ ಮೇಲಿದೆ. ಮೂಲೆಗಳೆಲ್ಲ ಸವೆದು ದುಂಡಗಾಗಿವೆ. ಏಳನೇ ಪುಟದಲ್ಲಿ ಚಿತ್ರಾನ್ನದ ಅರಿಶಿನದ ಕಲೆ. ಮರ ಹತ್ತಿದ ಹುಡುಗಿಯ ಚಿತ್ರದ ಪಕ್ಕ ಯಾರೋ ಪೆನ್ಸಿಲ್ಲಿನಲ್ಲಿ ತಮ್ಮ ಹೆಸರು ಬರೆದಿದ್ದಾರೆ, ಅದರ ಕೆಳಗೆ ಬೇರೆ ಅಕ್ಷರದಲ್ಲಿ ಇನ್ನೊಂದು ಹೆಸರು, ಅದರ ಕೆಳಗೆ ಮತ್ತೊಂದು. ಕೊನೆಯ ಹಾಳೆ ಇಲ್ಲ. ಕಥೆಯ ಅಂತ್ಯವನ್ನು ಮಕ್ಕಳು ಬಾಯಲ್ಲೇ ಒಬ್ಬರಿಗೊಬ್ಬರು ದಾಟಿಸುತ್ತಿದ್ದಾರೆ. ನಿಮ್ಮ ಲೆಕ್ಕದಲ್ಲಿ ಇದು ಹಾಳಾದ ಪುಸ್ತಕ. ನನ್ನ ಲೆಕ್ಕದಲ್ಲಿ ಸರ್ಕಾರದ ದುಡ್ಡು ಇಷ್ಟು ಚೆನ್ನಾಗಿ ಖರ್ಚಾದ ಇನ್ನೊಂದು ಉದಾಹರಣೆ ಈ ಶಾಲೆಯಲ್ಲಿಲ್ಲ.

ಲೆಕ್ಕವೇ ಬೇಡ ಎಂದು ನಾನು ಹೇಳುತ್ತಿಲ್ಲ. ಸಾರ್ವಜನಿಕರ ಹಣ, ಲೆಕ್ಕ ಇರಲೇಬೇಕು. ತರಗತಿಯಲ್ಲಿ ವಾರಕ್ಕಿಬ್ಬರು ಮಕ್ಕಳು ಪುಸ್ತಕ ಕೊಡುವ, ವಾಪಸು ಪಡೆಯುವ ವಹಿ ಬರೆಯುತ್ತಾರೆ. ಹೆಸರು, ಪುಸ್ತಕ, ಒಯ್ದ ದಿನ, ತಂದ ದಿನ. ತಮ್ಮ ಸರದಿ ಬಂದಾಗ ಎಷ್ಟು ಕಟ್ಟುನಿಟ್ಟು ಮಾಡುತ್ತಾರೆಂದರೆ ನನ್ನಿಂದಲೂ ಸಹಿ ಹಾಕಿಸಿಕೊಳ್ಳುತ್ತಾರೆ. ಆ ಇನ್ನೂರು ಪುಟದ ನೋಟ್‌ಬುಕ್ಕು ನಿಮ್ಮ ತಂಗಿ ಇದ್ದ ಹಾಗೆ. ತಪಾಸಣೆಗೆ ಬಂದವರು ನಿಮ್ಮ ಜೊತೆಗೆ ಅದನ್ನೂ ತೆರೆದು ನೋಡಲಿ. ಪಕ್ಕದ ಗ್ರಾಮ ಪಂಚಾಯಿತಿಯ ಗ್ರಂಥಾಲಯವನ್ನೂ ನೋಡಲಿ; 2020ರಿಂದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಅಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ನಮ್ಮ ಮೂಲೆ ಓದಿ ಮುಗಿಸಿದ ಮಗುವನ್ನು ಕೈಹಿಡಿದು ಅಲ್ಲಿಗೆ ಕರೆದೊಯ್ಯುವುದು ನಮ್ಮ ಕೆಲಸವೇ.

ಆದ್ದರಿಂದ ನಿಮ್ಮಲ್ಲಿಯೂ, ನಿಮ್ಮನ್ನು ತೆರೆದು ಸಹಿ ಹಾಕುವ ಎಲ್ಲ ಅಧಿಕಾರಿಗಳಲ್ಲಿಯೂ ನನ್ನ ವಿನಂತಿ ಇಷ್ಟು. ಷರಾ ಕಾಲಂನಲ್ಲಿ 'ಓದಿ ಸವೆದಿದೆ' ಎಂದು ಬರೆಯಲು ತರಗತಿ ಶಿಕ್ಷಕರಿಗೆ ಅಧಿಕಾರ ಕೊಡಿ. ವರ್ಷಕ್ಕೆ ಇಷ್ಟು ಪುಸ್ತಕ ಸವೆಯಬಹುದು, ಕಳೆಯಬಹುದು, ಅದಕ್ಕೆ ಯಾವ ಶಿಕ್ಷಕರಿಂದಲೂ ವಸೂಲಿ ಇಲ್ಲ ಎಂಬ ಮಾತನ್ನು ಇಲಾಖೆ ನಿಮ್ಮ ಮೊದಲ ಪುಟದಲ್ಲೇ ಅಚ್ಚು ಹಾಕಿಸಲಿ. ಮತ್ತು ಹಾಗೆ ಸವೆದ ಐದು ಪುಸ್ತಕಗಳ ಹೊಸ ಪ್ರತಿ ತರಲು ನನ್ನ ತರಗತಿಗೆ ಈ ವರ್ಷ 250 ರೂಪಾಯಿ ಮಂಜೂರು ಮಾಡಿಸಿಕೊಡಿ. ಪಟ್ಟಿಯನ್ನು ಮಕ್ಕಳು ಆಗಲೇ ಬರೆದಿಟ್ಟಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ಐದನೇ ತರಗತಿಯ ಶಿಕ್ಷಕಿ